ಲಕ್ಷದ ಸುದ್ದಿ ಬೇಡ, ನಾಣ್ಯ ತೂಗುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

‘ಈ ನಾಣ್ಯ ನಿಮ್ಮ ಮನೆಯಲ್ಲಿದ್ದರೆ ಐದು ಲಕ್ಷ ನಿಮ್ಮದು’ ಎಂಬ ಬಗೆಯ ಸುದ್ದಿಗಳು ಕನ್ನಡದ ಸುದ್ದಿತಾಣಗಳಲ್ಲಿ, ಕೆಲವೊಮ್ಮೆ ಮುದ್ರಿತ ಪುಟಗಳಲ್ಲೂ, ಪದೇ ಪದೇ ಬರುತ್ತಿವೆ. ಅವುಗಳಲ್ಲಿ ನಾಣ್ಯದ ತೂಕ ಇರುವುದಿಲ್ಲ, ಲೋಹ ಇರುವುದಿಲ್ಲ, ಯಾವ ಟಂಕಸಾಲೆಯದೆಂಬ ಮಾತೂ ಇರುವುದಿಲ್ಲ. ಒಂದು ಚಿತ್ರ, ಅದರ ಮೇಲೊಂದು ದೊಡ್ಡ ಮೊತ್ತ, ಅಷ್ಟೆ. ದಯವಿಟ್ಟು ಇಂಥವನ್ನು ನಿಲ್ಲಿಸಿ. ಅದರ ಬದಲು, ಕೈಯಲ್ಲಿರುವ ನಾಣ್ಯವನ್ನು ಓದುಗರು ತಾವೇ ಪರೀಕ್ಷಿಸಿಕೊಳ್ಳುವ ಬಗೆಯನ್ನು ಬರೆಯಿರಿ. ಬಹಳಷ್ಟು ಪರೀಕ್ಷೆಗೆ ಅಡುಗೆಮನೆಯ ಮೇಜು ಸಾಕು.

ಈ ಸುದ್ದಿಗಳಿಂದ ಆಗುವ ಹಾನಿಗೆ ಒಂದು ಸಿದ್ಧ ದಾರಿಯಿದೆ. ಸುದ್ದಿ ಓದಿದವರು ಮಾರಾಟದ ತಾಣದಲ್ಲಿ ನಾಣ್ಯದ ಚಿತ್ರ, ಫೋನ್ ನಂಬರ್ ಹಾಕುತ್ತಾರೆ. ಕರೆ ಬರುತ್ತದೆ. ಆ ಕಡೆಯವನು ತೂಕ ಕೇಳುವುದಿಲ್ಲ, ಹಿಂಬದಿಯ ಚಿತ್ರ ಕೇಳುವುದಿಲ್ಲ, ಹೇಳಿದ ಬೆಲೆಗೆ ಒಪ್ಪುತ್ತಾನೆ. ಆಮೇಲೆ ನೋಂದಣಿ ಶುಲ್ಕ, ಜಿಎಸ್‌ಟಿ, ಕಮಿಷನ್ ಎಂದು ಒಂದೊಂದಾಗಿ ಹಣ ಕೇಳುತ್ತಾನೆ, ರಿಸರ್ವ್ ಬ್ಯಾಂಕಿನ ಹೆಸರಿನ ಪತ್ರವನ್ನೂ ಕಳಿಸುತ್ತಾನೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿ, ತಾನು ಇಂಥ ವ್ಯವಹಾರದಲ್ಲಿ ಇಲ್ಲ, ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ವಸೂಲು ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಹೇಳಿದೆ. ಕೊಳ್ಳುವವನು ಮಾರುವವನಿಂದಲೇ ಹಣ ಕೇಳಿದನೆಂದರೆ ಫೋನ್ ಇಡಬೇಕು.

ಸುದ್ದಿಯಲ್ಲಿ ಬರುವ ಮೊತ್ತ ಎಲ್ಲಿಂದ ಬರುತ್ತದೆ ಎಂಬುದನ್ನೂ ವರದಿಗಾರರು ಗಮನಿಸಬೇಕು. ಮಾರಾಟದ ತಾಣದಲ್ಲಿ ಯಾರು ಬೇಕಾದರೂ ಯಾವ ನಾಣ್ಯದ ಮುಂದೆ ಬೇಕಾದರೂ ಐದು ಲಕ್ಷ ಎಂದು ಬರೆಯಬಹುದು. ಅದು ಕೇಳಿದ ಬೆಲೆ, ಮಾರಾಟವಾದ ಬೆಲೆಯಲ್ಲ. ನಾಣ್ಯ ಹರಾಜು ಸಂಸ್ಥೆಗಳು ಹರಾಜಾದ ಮೇಲೆ ಪ್ರತಿ ವಸ್ತು ಎಷ್ಟಕ್ಕೆ ಹೋಯಿತೆಂಬ ಪಟ್ಟಿಯನ್ನು ಪ್ರಕಟಿಸುತ್ತವೆ. ಬೆಲೆ ಬರೆಯುವುದಿದ್ದರೆ ಆ ಪಟ್ಟಿ ನೋಡಿ ಬರೆಯಬೇಕು, ಅದೇ ವರ್ಷದ, ಅದೇ ಟಂಕಸಾಲೆಯ, ಅದೇ ಮಟ್ಟದ ಸವೆತದ ನಾಣ್ಯಕ್ಕೆ ಹೋಲಿಸಬೇಕು. ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿ ನಾಣ್ಯಗಳನ್ನೇ ನೋಡಿ. ಅವು ದೇಗುಲ ಮಂಡಳಿಯ ಬೆಳ್ಳಿಹಬ್ಬಕ್ಕೆ 2012ರಲ್ಲಿ ಹೊರಟ, ಸಾಮಾನ್ಯ ಚಲಾವಣೆಗೇ ಬಂದ ನಾಣ್ಯಗಳು. ಅಂಗಡಿಯ ಚಿಲ್ಲರೆಯಲ್ಲಿ ಸಿಕ್ಕ ಸವೆದ ನಾಣ್ಯಕ್ಕೆ ಲಕ್ಷ ಕೊಡುವ ಸಂಗ್ರಾಹಕ ಎಲ್ಲೂ ಇಲ್ಲ.

ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿ ಇದಕ್ಕೆ ಒಳ್ಳೆಯ ಉತ್ತರ. ಒಂದೂವರೆ ಶತಮಾನ ದಾಟಿದ ನಾಣ್ಯ, ಆದರೂ ಅತಿ ಸಾಮಾನ್ಯ, ಏಕೆಂದರೆ ಅದೇ 1862ರ ಇಸವಿಯನ್ನು ಬದಲಿಸದೆ ಹತ್ತು ವರ್ಷಕ್ಕೂ ಮಿಕ್ಕಿ ಟಂಕಿಸಿದರು. ಇಸವಿಯ ಮೇಲೆ ಕೆಳಗೆ ಕಾಣುವ ಸಣ್ಣ ಚುಕ್ಕಿಗಳ ಎಣಿಕೆಯಲ್ಲೇ ಬಾಂಬೆ ಟಂಕಸಾಲೆಯವರು ವ್ಯತ್ಯಾಸ ತೋರಿಸಿದ್ದು. ಹಾಗಾಗಿ ಸವಕಲು 1862 ರೂಪಾಯಿಗೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಸಿಗುವುದಿಲ್ಲ, ಅಪರೂಪದ ಚುಕ್ಕಿ ಜೋಡಣೆಯಿದ್ದರೆ ಮಾತು ಬೇರೆ. ಅದಕ್ಕಿಂತ ಎಪ್ಪತ್ತೇಳು ವರ್ಷ ಕಿರಿಯದಾದ ಆರನೇ ಜಾರ್ಜ್‌ನ 1939ರ ರೂಪಾಯಿ ಮಾತ್ರ ನಿಜಕ್ಕೂ ದುರ್ಲಭ. ಬೆಲೆಯನ್ನು ನಿರ್ಧರಿಸುವುದು ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿ ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ ಎಂಬುದು.

ಇಸವಿಯಿಂದಲೇ ಹಿಡಿಯಬಹುದಾದ ಖೋಟಾಗಳೂ ಇವೆ. 1840ರ ಇಸವಿಯೂ 1862ರಂತೆಯೇ ವರ್ಷಗಟ್ಟಲೆ ಬದಲಾಗದೆ ನಿಂತಿತ್ತು. ಹೀಗಾಗಿ 1841ರಿಂದ 1861ರವರೆಗಿನ, 1863ರಿಂದ 1873ರವರೆಗಿನ ಇಸವಿ ಹೊತ್ತು ಚಲಾವಣೆಗೆ ಬಂದ ವಿಕ್ಟೋರಿಯಾ ಬೆಳ್ಳಿ ರೂಪಾಯಿಯೇ ಇಲ್ಲ. 1857ರ ದಂಗೆಯ ವರ್ಷದ್ದೆಂದು 1857 ಎಂದು ಕೊರೆದ ‘ರೂಪಾಯಿ’ ತೋರಿಸಿದರೆ ಅಲ್ಲಿಗೇ ಕೈಬಿಡಿ. ಬರಹವೂ ಇಸವಿಗೆ ಹೊಂದಬೇಕು: 1876ರವರೆಗೆ ವಿಕ್ಟೋರಿಯಾ ‘ಕ್ವೀನ್’, 1877ರಿಂದ ‘ಎಂಪ್ರೆಸ್’. 1862ರ ನಾಣ್ಯದಲ್ಲಿ ‘ಎಂಪ್ರೆಸ್’ ಎಂದಿದ್ದರೆ ಅದು ಎರಡು ಬೇರೆ ನಾಣ್ಯಗಳ ಅಚ್ಚು ಕೂಡಿಸಿದ್ದು. ಇದಕ್ಕೆ ತಿರುಗುಮುರುಗಾದ ತಪ್ಪೂ ಆಗುತ್ತದೆ. ನಾಲ್ಕನೇ ವಿಲಿಯಂ ದೊರೆಯ 1835ರ ರೂಪಾಯಿಯಲ್ಲಿ ರೋಮನ್ ಅಂಕೆ ನಾಲ್ಕನ್ನು ನಾಲ್ಕು ಉದ್ದಗೆರೆ ಎಳೆದೇ ಬರೆದಿದ್ದಾರೆ. ಶಾಲೆಯಲ್ಲಿ ಕಲಿತ ಹಾಗಿಲ್ಲವೆಂದು ಅದನ್ನು ಖೋಟಾ ಎನ್ನುವವರಿದ್ದಾರೆ. ಅಸಲಿ ಇರುವುದೇ ಹಾಗೆ.

ಇನ್ನು ತೂಕ. ನೂರನೇ ಒಂದು ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. 1835ರ ಕಾಯ್ದೆ ರೂಪಾಯಿಗೆ ಗೊತ್ತುಮಾಡಿದ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಶೇ 91.7. ಸವೆದ ನಾಣ್ಯ 11.4 ಗ್ರಾಂ ತೂಗಿದರೆ ಗಾಬರಿ ಬೇಡ. ಆದರೆ ಮುಖದ ಗೆರೆಗಳು ಚೂಪಾಗಿದ್ದೂ ತೂಕ 11 ಗ್ರಾಂ ಇದ್ದರೆ ಅನುಮಾನಿಸಿ, ಸವೆತ ಮತ್ತು ತೂಕ ಒಂದಕ್ಕೊಂದು ತಾಳೆಯಾಗಬೇಕು. 11.75 ಗ್ರಾಂ ದಾಟಿದರೂ ಅನುಮಾನವೇ, ಚಲಾವಣೆಯಲ್ಲಿ ನಾಣ್ಯದ ತೂಕ ಹೆಚ್ಚುವುದಿಲ್ಲವಲ್ಲ.

ಅಯಸ್ಕಾಂತದ ಪರೀಕ್ಷೆಯನ್ನು ಜನ ಅರ್ಧ ಮಾತ್ರ ತಿಳಿದಿದ್ದಾರೆ. ಬೆಳ್ಳಿ ಅಂಟುವುದಿಲ್ಲ, ನಿಜ. ಆದರೆ ಹಿತ್ತಾಳೆ, ತಾಮ್ರ, ಸೀಸ ಯಾವುದೂ ಅಂಟುವುದಿಲ್ಲ, ಹಾಗಾಗಿ ಅಂಟಲಿಲ್ಲ ಎಂದ ಮಾತ್ರಕ್ಕೆ ಅದು ಬೆಳ್ಳಿಯೇ ಎನ್ನಲಾಗದು. ಇನ್ನೊಂದೆಡೆ, ಹುಲಿಯ ಚಿತ್ರವಿರುವ 1947ರ ರೂಪಾಯಿ ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ. ಅದು ಅಸಲಿಯೇ. 1947ರ ರೂಪಾಯಿಯನ್ನು ಶುದ್ಧ ನಿಕ್ಕಲ್‌ನಲ್ಲಿ ಮಾಡಿದರು, ನಿಕ್ಕಲ್ ಅಂಟುವ ಲೋಹ. ಅದನ್ನು ಬೆಳ್ಳಿಯೆಂದು ಮಾರುವವನು ಮೋಸ ಮಾಡುತ್ತಿದ್ದಾನೆ, ನಾಣ್ಯವಲ್ಲ. 1992ರಿಂದೀಚೆಗಿನ ಸ್ಟೀಲ್ ಒಂದು ರೂಪಾಯಿಯೂ ಅಂಟುತ್ತದೆ.

ಬೆಳ್ಳಿ ರೂಪಾಯಿಗೆ ಮನೆಯಲ್ಲೇ ಮಾಡಬಹುದಾದ ಅತ್ಯುತ್ತಮ ಪರೀಕ್ಷೆ ಸಾಂದ್ರತೆಯದು, ಅದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಮೊದಲು ಒಣ ನಾಣ್ಯದ ತೂಕ ಬರೆದಿಟ್ಟುಕೊಳ್ಳಿ. ಹಗುರ ಪ್ಲಾಸ್ಟಿಕ್ ಲೋಟದಲ್ಲಿ ನಾಣ್ಯ ಪೂರ್ತಿ ಮುಳುಗುವಷ್ಟು ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ್ದರೆ ನಾಣ್ಯಕ್ಕೆ ಗುಳ್ಳೆ ಹಿಡಿಯುವುದಿಲ್ಲ. ನಾಣ್ಯವನ್ನು ತೆಳ್ಳಗಿನ ಹೊಲಿಗೆ ದಾರದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿ, ತಳಕ್ಕೂ ಗೋಡೆಗೂ ತಾಗದಂತೆ ತೂಗುಬಿಡಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು. 11.66 ಗ್ರಾಮಿನ ಅಸಲಿ ರೂಪಾಯಿ ಸುಮಾರು 1.13 ಗ್ರಾಂ ನೀರು ಸರಿಸುತ್ತದೆ, ಉತ್ತರ 10.3 ಬರುತ್ತದೆ. ಅದೇ ತೂಕದ ತಾಮ್ರ-ನಿಕ್ಕಲ್ ಖೋಟಾ ಸುಮಾರು 1.30 ಗ್ರಾಂ ಸರಿಸುತ್ತದೆ, ಉತ್ತರ 9ರ ಕೆಳಗೆ ಇಳಿಯುತ್ತದೆ. 1940ರಿಂದ 1945ರವರೆಗಿನ ಯುದ್ಧಕಾಲದ ರೂಪಾಯಿಗಳಲ್ಲಿ ಬೆಳ್ಳಿ ಅರ್ಧ ಮಾತ್ರ, ಉಳಿದದ್ದು ತಾಮ್ರ, ನಿಕ್ಕಲ್, ಸತು. ಅವಕ್ಕೆ 9.5ರ ಆಸುಪಾಸು ಬಂದರೆ ಸರಿ. ಇದು ಗೊತ್ತಿಲ್ಲದೆ 1944ರ ಅಸಲಿ ರೂಪಾಯಿಯನ್ನು ಖೋಟಾ ಎಂದು ಬಿಸಾಡುವ ಅಪಾಯವಿದೆ.

ತಪ್ಪಾಗುವುದು ಎಲ್ಲಿ? ನಾಣ್ಯ ತಳಕ್ಕೆ ತಾಗಿದರೆ ಅಂಕಿ ಒಮ್ಮೆಲೇ ಮೇಲೇರುತ್ತದೆ. ದಪ್ಪ ದಾರ ನೀರು ಕುಡಿದು ಲೆಕ್ಕ ಕೆಡಿಸುತ್ತದೆ. ಫ್ಯಾನಿನ ಗಾಳಿಯಲ್ಲಿ ತಕ್ಕಡಿ ನಿಲ್ಲುವುದಿಲ್ಲ. ಹಾಗಾಗಿ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಇಷ್ಟಾದರೂ ಈ ವಿಧಾನ ಸಣ್ಣ ನಾಣ್ಯಕ್ಕೆ ಒದಗುವುದಿಲ್ಲ. ಕಂಠೀರವ ನರಸರಾಜ ಒಡೆಯರ ‘ಹಣ’ ಎಂಬ ಪುಟ್ಟ ಚಿನ್ನದ ನಾಣ್ಯ ಅರ್ಧ ಗ್ರಾಂ ಕೂಡ ತೂಗದು. ಅದು ಸರಿಸುವ ನೀರು ತಕ್ಕಡಿಯ ಎರಡು ಮೂರು ಅಂಕಿಯಷ್ಟೇ, ಅಷ್ಟರಲ್ಲಿ ಚಿನ್ನವೋ ಹಿತ್ತಾಳೆಯೋ ಹೇಳಲಾಗದು. ಅಂಥದ್ದನ್ನು ಚಿನಿವಾರರಲ್ಲಿ, ಎಕ್ಸ್-ಕಿರಣದಿಂದ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಒಡ್ಡುವುದೇ ಸರಿ. ಆ ಯಂತ್ರ ಮೇಲ್ಪದರವನ್ನು ಮಾತ್ರ ಓದುತ್ತದೆ, ದಪ್ಪ ಲೇಪನವಿದ್ದರೆ ಅದಕ್ಕೂ ಮೋಸವಾಗುತ್ತದೆ ಎಂಬುದು ನೆನಪಿರಲಿ. ಒರೆಗಲ್ಲಿಗೆ ತಿಕ್ಕಲು ಮಾತ್ರ ಬಿಡಬೇಡಿ, ಅಂಚಿನಲ್ಲಿ ಬಿದ್ದ ಗೀರು ಶಾಶ್ವತ.

ಕಲ್ಲಿನ ಮೇಲೆ ಬೀಳಿಸಿ ‘ಠಣ್’ ಸದ್ದು ಕೇಳುವ ಹಳೆಯ ಕ್ರಮವೂ ಬೇಡ, ಅಂಚು ಜಜ್ಜುತ್ತದೆ. ಬೆರಳ ತುದಿಯ ಮೇಲೆ ನಾಣ್ಯ ನಿಲ್ಲಿಸಿ ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟಿದರೆ ಸಾಕು, ಬೆಳ್ಳಿಯ ನಾದ ಕೆಲಕಾಲ ನಿಲ್ಲುತ್ತದೆ. ಸದ್ದು ಮಂಕಾದರೂ ಅಸಲಿ ಇರಬಹುದು, ಕಣ್ಣಿಗೆ ಕಾಣದ ಬಿರುಕಿದ್ದರೆ ಹಾಗಾಗುತ್ತದೆ.

ಲೋಹದ ಪರೀಕ್ಷೆಗಳೆಲ್ಲ ಕೆಟ್ಟ ಖೋಟಾವನ್ನು ಹೊರಗೆ ಹಾಕಲು ಮಾತ್ರ. ದುರ್ಲಭ ಇಸವಿಗಳ ನಕಲನ್ನು ಈಗ ಒಳ್ಳೆಯ ಬೆಳ್ಳಿಯಲ್ಲೇ ಸರಿಯಾದ ತೂಕಕ್ಕೆ ಮಾಡುತ್ತಾರೆ. ಅಲ್ಲಿ ಕೆಲಸಕ್ಕೆ ಬರುವುದು ಹತ್ತು ಪಟ್ಟು ಹಿಗ್ಗಿಸುವ ಲೂಪ್ ಎಂಬ ಸಣ್ಣ ಭೂತಗನ್ನಡಿ ಮತ್ತು ಓರೆಯಾಗಿ ಬೀಳುವ ಬೆಳಕು. ಎರಕದ ನಾಣ್ಯದ ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳು ಕಾಣುತ್ತವೆ, ಅಕ್ಷರಗಳ ಬುಡ ಸಾಬೂನು ಸವೆದ ಹಾಗೆ ದುಂಡಗಿರುತ್ತದೆ. ಟಂಕಿಸಿದ ನಾಣ್ಯದಲ್ಲಿ ಅಕ್ಷರ ಮೈಯಿಂದ ನೆಟ್ಟಗೆ ಎದ್ದಿರುತ್ತದೆ. ಎರಕದ ನಾಣ್ಯದಲ್ಲಿ ಅಚ್ಚಿನ ಎರಡು ಅರ್ಧಗಳು ಕೂಡಿದಲ್ಲಿ ಅಂಚಿನ ಸುತ್ತ ಒಂದು ಎಳೆ ಉಳಿಯುತ್ತದೆ. ಅದನ್ನು ಅರದಿಂದ ಉಜ್ಜಿ, ಅಂಚಿನ ಸಾಲು ಗೀರುಗಳನ್ನು (ಕಚ್ಚುಗೆರೆ) ಕೈಯಿಂದ ಕೊರೆದಿದ್ದರೆ ಗೆರೆಗಳ ನಡುವಣ ಅಂತರ ಒಂದೇ ಸಮ ಇರದು. ಮುಖವನ್ನು ನೆಟ್ಟಗೆ ಹಿಡಿದು ಪುಟ ತಿರುಗಿಸಿದಂತೆ ಎಡದಿಂದ ಬಲಕ್ಕೆ ಮಗುಚಿ, ಬ್ರಿಟಿಷ್ ರೂಪಾಯಿಯ ಹಿಂಬದಿಯೂ ನೆಟ್ಟಗೆ ನಿಲ್ಲಬೇಕು. ಬಹಳ ಓರೆಯಾದರೆ ಎಚ್ಚರ. ಒಬ್ಬನೇ ವ್ಯಾಪಾರಿಯ ಬಳಿ ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಕಂಡರೆ, ಎರಡೂ ಒಂದೇ ತಾಯಿ ನಾಣ್ಯದ ನಕಲುಗಳು.

1939ರ ರೂಪಾಯಿಯಲ್ಲಿ ನಡೆಯುವ ಕೈಚಳಕವೇ ಬೇರೆ. 1938ರ ಅಸಲಿ ನಾಣ್ಯದ ಎಂಟನ್ನು ಕೊರೆದು ಒಂಬತ್ತು ಮಾಡುತ್ತಾರೆ. ತೂಕ ಸರಿ, ಬೆಳ್ಳಿ ಸರಿ, ಅಂಚು ಸರಿ. ಹಿಡಿಯುವ ದಾರಿ ಆ ಇಸವಿಯಲ್ಲೇ ಇದೆ: ಅದರಲ್ಲಿ ಒಂಬತ್ತು ಎರಡು ಸಲ ಬರುತ್ತದೆ. ಎರಡರ ಹೊಟ್ಟೆ, ಬಾಲ, ದಪ್ಪ ಹೋಲಿಸಿ ನೋಡಿ. ಕೊರೆದ ಅಂಕಿಯ ಸುತ್ತಣ ಮೈ ಉಳಿದ ಮೈಗಿಂತ ನುಣುಪಾಗಿ ಅಥವಾ ತುಸು ತಗ್ಗಾಗಿ ಇರುತ್ತದೆ. ಯುದ್ಧಕಾಲದ ಅರ್ಧ ಬೆಳ್ಳಿ ನಾಣ್ಯದಿಂದ ಮಾಡಿದ್ದರೆ ಅಂಚೇ ಹೇಳಿಬಿಡುತ್ತದೆ. ಆ ನಾಣ್ಯಗಳ ಅಂಚಿನ ನಡುವೆ ಖೋಟಾ ತಡೆಯಲೆಂದೇ ಹಾಕಿದ ಒಂದು ತೋಡು ಇರುತ್ತದೆ, 1939ರ ಅಸಲಿಯಲ್ಲಿ ಬರಿಯ ಕಚ್ಚುಗೆರೆ.

ನಮ್ಮ ನಾಡಿನ ನಾಣ್ಯಗಳ ಬಗ್ಗೆ ಇಷ್ಟು ಹೇಳದಿದ್ದರೆ ಈ ಪತ್ರ ಅರೆಬರೆ. ಟಿಪ್ಪು ಸುಲ್ತಾನನ ಯಾವ ನಾಣ್ಯದಲ್ಲೂ ಅವನ ಹೆಸರಿಲ್ಲ, ಮುಖಚಿತ್ರವಂತೂ ಇಲ್ಲವೇ ಇಲ್ಲ. ಹೀಗಾಗಿ ಪೇಟ ತೊಟ್ಟ ಟಿಪ್ಪುವಿನ ಚಿತ್ರವಿರುವ ‘ಚಿನ್ನದ ವರಹ’ ಇತ್ತೀಚಿನ ಬಿಲ್ಲೆ. ಅವನು ತಂದ ಮೌಲೂದಿ ಶಕೆಯ ಇಸವಿಗಳು 1215ರಿಂದ 1227ರವರೆಗೆ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿದ್ದಾರೆ. ಎಡದಿಂದ ಓದಿದರೆ 1215 ಎಂಬುದು 5121 ಎಂದು ಕಾಣುತ್ತದೆ. ಇದು ತಿಳಿಯದ ನಕಲುಗಾರ ‘ಸರಿಪಡಿಸಿ’ ಬರೆಯುತ್ತಾನೆ, ಅಲ್ಲೇ ಸಿಕ್ಕಿಬೀಳುತ್ತಾನೆ. ಆನೆಯ ಚಿತ್ರದ ತಾಮ್ರದ ಪೈಸೆಗಳು ಪಟ್ಟಣ (ಶ್ರೀರಂಗಪಟ್ಟಣ), ನಗರ (ಬಿದನೂರು), ಬೆಂಗಳೂರು ಮುಂತಾದ ಟಂಕಸಾಲೆಗಳಿಂದ ಬಂದವು, ಸಾಮಾನ್ಯವಾದವು ಇಂದಿಗೂ ಕೈಗೆಟಕುವ ಬೆಲೆಗೇ ಸಿಗುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸುಗಳೂ ಅಷ್ಟೆ. ‘ಶ್ರೀ ಚಾಮುಂಡಿ’ ಎಂಬ ಕನ್ನಡ ಬರಹವನ್ನು ತಾಮ್ರದ ಮೇಲೆ ಬೆರಳಿಟ್ಟು ಓದುವ ಸಂತೋಷಕ್ಕೆ ಲಕ್ಷ ಬೇಕಿಲ್ಲ. ಮಕ್ಕಳ ಕೈಗೆ ಮೊದಲು ಕೊಡಬೇಕಾದ ನಾಣ್ಯ ಅದೇ ಎಂಬುದು ನನ್ನ ದೃಢ ಅಭಿಪ್ರಾಯ.

ವಿಜಯನಗರದ ವರಹ ಸುಮಾರು 3.4 ಗ್ರಾಂ, ಅರೆ ವರಹ 1.7 ಗ್ರಾಂ. ಕೃಷ್ಣದೇವರಾಯನ ವರಹದ ಹಿಂಬದಿ ನಾಗರಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’ ಎಂದು ಮೂರು ಸಾಲು. ಅಚ್ಯುತರಾಯನದಾದರೆ ಮುಂಬದಿ ಆನೆಗಳನ್ನು ಎತ್ತಿಹಿಡಿದ ಗಂಡಭೇರುಂಡ. ಪೂಜೆಗೆಂದು ಆಭರಣದಂಗಡಿಗಳು ಇವುಗಳ ಪ್ರತಿಕೃತಿ ಮಾಡುತ್ತವೆ, ಅದರಲ್ಲಿ ತಪ್ಪಿಲ್ಲ, ಎರಡನೇ ಕೈಗೆ ಹೋದಾಗ ಅದೇ ‘ಹಂಪಿಯಲ್ಲಿ ಸಿಕ್ಕಿದ್ದು’ ಆಗಿಬಿಡುತ್ತದೆ. ಪ್ರತಿಕೃತಿ ಸಾಮಾನ್ಯವಾಗಿ ಪೂರ್ತಿ ದುಂಡಗೆ, ಚಿತ್ರ ಸರಿಯಾಗಿ ನಡುವೆ ಕೂತಿರುತ್ತದೆ. ಕೈಯಿಂದ ಬಡಿದ ಅಸಲಿಯಲ್ಲಿ ಚಿತ್ರ ಒಂದಷ್ಟು ಪಕ್ಕಕ್ಕೆ ಸರಿದು ಒಂದೆರಡು ಅಕ್ಷರ ಹೊರಗೇ ಉಳಿದಿರುವುದು ಹೆಚ್ಚು.

‘ಈಸ್ಟ್ ಇಂಡಿಯಾ ಕಂಪನಿ, 1818, ಒನ್ ಆಣೆ’ ಎಂದು ಬರೆದು ರಾಮ ಪಟ್ಟಾಭಿಷೇಕವನ್ನೋ ಹನುಮಂತನನ್ನೋ ಕೂರಿಸಿದ ಬಿಲ್ಲೆಗಳ ಬಗ್ಗೆ ನಿಮ್ಮ ಪತ್ರಿಕೆಯೇ ಒಮ್ಮೆ ಖಚಿತವಾಗಿ ಬರೆದರೆ ಉಪಕಾರವಾಗುತ್ತದೆ. 1616, 1717 ಎಂಬ ಇಸವಿಗಳಲ್ಲೂ ಇವು ಬರುತ್ತವೆ. ಕಂಪನಿ ಇಂಥ ನಾಣ್ಯ ಟಂಕಿಸಿಲ್ಲ. ಕಂಪನಿಯ ಕಾಲದಲ್ಲಿ ಆಣೆ ಎಂಬುದು ಲೆಕ್ಕದ ಮಾನ. ಒಂದು ಆಣೆಯ ನಾಣ್ಯ ಜನರ ಕೈಗೆ ಬಂದದ್ದು ಏಳನೇ ಎಡ್ವರ್ಡ್ ಕಾಲದಲ್ಲಿ, ಅದೂ ಅಲೆಯಂಚಿನ ತಾಮ್ರ-ನಿಕ್ಕಲ್ ನಾಣ್ಯವಾಗಿ. ಈ ಬಿಲ್ಲೆಗಳೇ ‘ಅಕ್ಕಿ ಸೆಳೆಯುವ’ ನಾಣ್ಯದ ಮೋಸಕ್ಕೂ ಬಳಕೆಯಾಗುತ್ತವೆ. ತಾಮ್ರ ಅಕ್ಕಿಯನ್ನು ಸೆಳೆಯದು. ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ಬಿಲ್ಲೆಯೊಳಗೋ ಅಡಿಯಲ್ಲೋ ಅಯಸ್ಕಾಂತ ಅಡಗಿಸುತ್ತಾರೆ. ಅಂಗಡಿಯಿಂದ ಬೇರೆ ಅಕ್ಕಿ ತಂದು ಹಾಕಿದರೆ ಆಟ ನಿಲ್ಲುತ್ತದೆ.

ಅಸಲಿಯನ್ನು ಖೋಟಾ ಎಂದು ದೂಡುವ ಇನ್ನೊಂದು ರೋಗ ಹತ್ತು ರೂಪಾಯಿ ನಾಣ್ಯದ್ದು. ರೂಪಾಯಿ ಚಿಹ್ನೆ ಇದ್ದದ್ದು, ಇಲ್ಲದ್ದು, ಹತ್ತು ಕಿರಣದ್ದು, ಹದಿನೈದು ಕಿರಣದ್ದು, ಎಲ್ಲವೂ ಅಸಲಿ. ಅಲ್ಲಿಯವರೆಗೆ ಹೊರಟ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ.

ಕೊನೆಗೆ, ಖೋಟಾಗಳಿಗಿಂತಲೂ ಹೆಚ್ಚು ನಾಣ್ಯಗಳನ್ನು ಹಾಳುಮಾಡುತ್ತಿರುವ ನಮ್ಮ ಪ್ರೀತಿಯ ಅಭ್ಯಾಸ: ತೊಳೆಯುವುದು. ದೀಪಾವಳಿಯ ಲಕ್ಷ್ಮೀಪೂಜೆಗೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣು, ಬೂದಿ, ರಂಗೋಲಿ ಪುಡಿ ಹಾಕಿ ತಿಕ್ಕುತ್ತಾರೆ. ರಂಗೋಲಿ ಪುಡಿ ಕಲ್ಲಿನ ಪುಡಿ, ಬೆಳ್ಳಿ ಮೆತ್ತನೆ ಲೋಹ. ಒಂದೇ ದಿಕ್ಕಿಗೆ ಓಡುವ ಸಾವಿರಾರು ಕೂದಲೆಳೆ ಗೀರುಗಳು ಬೀಳುತ್ತವೆ, ಟಂಕಸಾಲೆಯಿಂದ ಹೊರಟಾಗಿನ ಹೊಳಪು ಮತ್ತೆಂದೂ ಬರುವುದಿಲ್ಲ. ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ, ಗಂಧಕದೊಡನೆ ಬೆಳ್ಳಿ ಕೂಡಿ ಆದ ತೆಳುಪದರ. ಸಮವಾಗಿ ಹಬ್ಬಿದ್ದರೆ ಸಂಗ್ರಾಹಕರು ಅದನ್ನೇ ಮೆಚ್ಚುತ್ತಾರೆ. ಅಂಗಡಿಯಲ್ಲಿ ಸಿಗುವ, ಬೆಳ್ಳಿ ಬೆಳಗುವ ದ್ರವವಾದ ಸಿಲ್ವರ್ ಡಿಪ್ ಆ ಪದರದ ಜೊತೆಗೆ ಬೆಳ್ಳಿಯನ್ನೂ ಕರಗಿಸಿ ಮೈಯನ್ನು ನಿರ್ಜೀವ ಬಿಳುಪು ಮಾಡುತ್ತದೆ. ಪೂಜೆಗೆ ಒಂದೆರಡು ಸವಕಲು ರೂಪಾಯಿಗಳನ್ನೇ ಬೇರೆ ಇಟ್ಟುಕೊಳ್ಳಿ, ಉಳಿದವನ್ನು ಮುಟ್ಟಬೇಡಿ.

ಕುಂಕುಮ, ಎಣ್ಣೆ ಮೆತ್ತಿದ್ದರೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿಟ್ಟು, ಬಟ್ಟಿ ಇಳಿಸಿದ ನೀರಲ್ಲಿ ಎರಡು ಮೂರು ಸಲ ಅದ್ದಿ, ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ, ಉಜ್ಜಬೇಡಿ. ಅಂಟು, ಮೃದು ಪ್ಲಾಸ್ಟಿಕ್ ಚೀಲದಿಂದ ಬಂದ ಹಸಿರು ಜಿಗುಟು ಇದ್ದರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಅದ್ದಿಡಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಒಲೆ ಬೇಡ. ನೈಲ್ ಪಾಲಿಷ್ ತೆಗೆಯುವ ದ್ರವ ಇದಕ್ಕೆ ಆಗದು, ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ. ಕರಾವಳಿಯಲ್ಲಿ ತಾಮ್ರದ ನಾಣ್ಯಗಳ ಮೇಲೆ ತಿಳಿ ಹಸಿರು ಪುಡಿ ಏಳುವುದುಂಟು. ಅದು ಉಪ್ಪಿನಂಶ ಲೋಹವನ್ನು ತಿನ್ನುತ್ತಿರುವ ಗುರುತು. ಆ ನಾಣ್ಯವನ್ನು ಬೇರೆ ಮಾಡಿ, ಬಟ್ಟಿ ಇಳಿಸಿದ ನೀರನ್ನು ದಿನವೂ ಬದಲಿಸುತ್ತ ವಾರಗಟ್ಟಲೆ ನೆನೆಸಿ, ಚೆನ್ನಾಗಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಗಟ್ಟಿಯಾಗಿ ಕೂತ ಕಡು ಹಸಿರು ಬಣ್ಣ ಅಪಾಯವಲ್ಲ.

ಕಾಸಿನ ಸರಕ್ಕೆ ಪೋಣಿಸಿದ್ದ ನಾಣ್ಯ ಕೊಳ್ಳುವವರು ನೆತ್ತಿಯ ಮೇಲಿನ ಅಂಚನ್ನು ನೋಡಬೇಕು. ಕೊಂಡಿ ಕಿತ್ತು ಬೆಸುಗೆ ಉಜ್ಜಿದ್ದರೆ ಅಲ್ಲಿ ಕಚ್ಚುಗೆರೆ ಮಾಸಿರುತ್ತದೆ ಅಥವಾ ಬಣ್ಣ ಬೇರೆಯಿರುತ್ತದೆ. ಅಂಥ ನಾಣ್ಯಕ್ಕೆ ಲೋಹದ ಬೆಲೆ ಕೊಟ್ಟರೆ ಸಾಕು. ಬೆಳ್ಳಿ ರೂಪಾಯಿಗಾದರೆ ಅದನ್ನು ಲೆಕ್ಕ ಹಾಕುವುದು ಸುಲಭ: ಅಂದಿನ ಒಂದು ಗ್ರಾಂ ಬೆಳ್ಳಿಯ ದರವನ್ನು 10.69ರಿಂದ ಗುಣಿಸಿ, ಯುದ್ಧಕಾಲದ ರೂಪಾಯಿಗೆ 5.83ರಿಂದ.

ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಾಣ್ಯಕ್ಕೆ ಮಾತ್ರ ಈ ಮಾತೊಂದೂ ಅನ್ವಯಿಸದು. 1878ರ ನಿಧಿ ಕಾಯ್ದೆಯೂ ಕರ್ನಾಟಕದ 1962ರ ಕಾಯ್ದೆಯೂ ಅದನ್ನು ಸರ್ಕಾರಕ್ಕೆ ತಿಳಿಸಬೇಕೆನ್ನುತ್ತವೆ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಬರೆದುಕೊಟ್ಟರಾಯಿತು. ತೊಳೆಯದೆ, ಹಂಚಿಕೊಳ್ಳದೆ, ಸಿಕ್ಕ ಮಡಕೆಯ ಚೂರುಗಳೊಡನೆ ಹಾಗೇ ಇಡಬೇಕು. ಯಾವ ನಾಣ್ಯದ ಜೊತೆ ಯಾವುದಿತ್ತು ಎಂಬುದರಿಂದಲೇ ಇತಿಹಾಸಕಾರರು ಕಾಲ ಗುರುತಿಸುತ್ತಾರೆ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತವೆ, ಅನುಮತಿಯಿಲ್ಲದೆ ದೇಶದಾಚೆ ಒಯ್ಯುವಂತಿಲ್ಲ. ಊರಿಗೆ ಬಂದು ಅಜ್ಜಿಯ ಡಬ್ಬಿಯಿಂದ ಎರಡು ರೂಪಾಯಿ ನೆನಪಿಗೆಂದು ಸೂಟ್‌ಕೇಸಿಗೆ ಹಾಕಿಕೊಳ್ಳುವ ಹೊರನಾಡ ಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಮುಂದಿನ ಸಲ ‘ಹಳೆ ನಾಣ್ಯ’ ಎಂಬ ತಲೆಬರಹ ನಿಮ್ಮ ಮೇಜಿಗೆ ಬಂದಾಗ ಅದರ ಜಾಗದಲ್ಲಿ ಇದನ್ನು ಹಾಕಿ ಎಂದು ಕೋರುತ್ತೇನೆ.

ಇಂತು,
ನಾಣ್ಯ ಸಂಗ್ರಾಹಕ, ಮೈಸೂರು